ಒಮ್ಮೆ ಕಣ್ಣು ಮುಚ್ಚಿ, ಒಮ್ಮೆ ಕಿವಿ ಮುಚ್ಚಿ

ಉಡುಪಿ

ಪ್ರೀತಿಯ ತಂಗೀ,

ನೀನು ಕಳುಹಿಸಿದ ಸ್ಕ್ರಿಪ್ಟ್ ಓದಿದೆ. ಮಂಗಳೂರಿನ ಸೀರೆ ಅಂಗಡಿಗೆ 30 ಸೆಕೆಂಡಿನ ಜಾಹೀರಾತು, ಅದೂ ನಿನ್ನ ಮೊದಲ ಕೆಲಸ. ತುಂಬ ಖುಷಿಯಾಯಿತು. ಜನರ ಮನಸ್ಸು ಎಳೆಯುವ ಪದಗಳು ಯಾವುವು ಅಂತ ಕೇಳಿದ್ದೀಯ. ಅದಕ್ಕೆ ಬರುತ್ತೇನೆ. ಅದಕ್ಕಿಂತ ಮೊದಲು, ಪದ ಜಾಸ್ತಿಯಾಗಿದೆ. ಎಣಿಸಿದೆ, 83 ಇವೆ. ನನ್ನ ಅನುಭವದಲ್ಲಿ ಕನ್ನಡದಲ್ಲಿ 30 ಸೆಕೆಂಡಿಗೆ 50 ಪದ ದಾಟಿದರೆ ಓದುವವರಿಗೆ ಉಸಿರು ಸಾಲುವುದಿಲ್ಲ. ನಮ್ಮ ಪದಗಳು ಉದ್ದ. ‘ಇಂದ’, ‘ಅಲ್ಲಿ’ಯಂಥ ಪ್ರತ್ಯಯಗಳೆಲ್ಲ ಪದದ ಬಾಲಕ್ಕೆ ಅಂಟಿಕೊಂಡೇ ಬರುತ್ತವೆ.

ಸಾಲಿಗ್ರಾಮ, ಪೆರ್ಡೂರಿನಂಥ ಯಕ್ಷಗಾನದ ಡೇರೆ ಮೇಳ ಊರಿಗೆ ಬಂದಾಗ ಜೀಪಿಗೆ ಮೈಕ್ ಕಟ್ಟಿ ಸಾರುತ್ತಿದ್ದುದು ನೆನಪಿದೆಯಾ? ‘ಇಂದೇ ನೋಡಿ, ಮರೆಯದಿರಿ, ಮರೆತು ನಿರಾಶರಾಗದಿರಿ.’ ನಾನು ಜಾಹೀರಾತು ಬರೆಯಲು ಕಲಿತದ್ದು ಅಲ್ಲಿ. ಜೀಪು ನಿಲ್ಲುವುದಿಲ್ಲ. ಅಂಗಳದಲ್ಲಿ ಅಡಿಕೆ ಸುಲಿಯುವವರಿಗೆ ಒಂದು ತಿರುವಿನಿಂದ ಇನ್ನೊಂದು ತಿರುವಿನ ತನಕ ಕೇಳಿದಷ್ಟೇ ಮಾತು. ಹಾಗಾಗಿ ಜಾಗ, ಪ್ರಸಂಗ, ಮುಖ್ಯ ವೇಷಧಾರಿಯ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ‘ಮರೆಯದಿರಿ, ಮರೆತು’ ಅನ್ನುವಲ್ಲಿ ಸದ್ದು ಸದ್ದಿಗೆ ಕೊಂಡಿ ಹಾಕುತ್ತದೆ. ಒಂದು ಸಣ್ಣ ಹೆದರಿಕೆಯೂ ಇದೆ: ನಾಳೆ ಡೇರೆ ಇರುವುದಿಲ್ಲ. ‘ಆಫರ್ ಇಂದೇ ಕೊನೆ’ ಅನ್ನುವುದೂ ಅದೇ ಹೆದರಿಕೆ. ಆದರೆ ಡೇರೆ ನಿಜಕ್ಕೂ ಮರುದಿನ ಇನ್ನೊಂದು ಊರಿಗೆ ಹೋಗುತ್ತಿತ್ತು. ‘ಇಂದೇ ಕೊನೆ’ ಎಂಬ ಬ್ಯಾನರ್ ಮೂರು ವಾರ ಅಲ್ಲೇ ನೇತಾಡುವುದಾದರೆ ಆ ಮಾತನ್ನು ನೀನು ಬರೆಯಬೇಡ.

ಈಗ ನನಗೆ ನಿಜವಾಗಿ ಹೇಳಬೇಕಾದದ್ದು. ಸುಮಾರು 20 ವರ್ಷದ ಹಿಂದೆ ಒಂದು ಗಂಟುನೋವಿನ ಎಣ್ಣೆಗೆ ಬರೆದಿದ್ದೆ. ‘ನೋವು ಕಡಿಮೆಯಾಗಲು ನೆರವಾಗುತ್ತದೆ’ ಅಂತ ನನ್ನ ಸಾಲು. ಸುಳ್ಳು ಒಂದಕ್ಷರವೂ ಇಲ್ಲ ಅಂತ ಧೈರ್ಯದಲ್ಲಿದ್ದೆ. ಚಿತ್ರದಲ್ಲಿ ಒಬ್ಬ ಅಜ್ಜಿ ಕೋಲು ಊರಿಕೊಂಡು ದೇವಸ್ಥಾನದ ಮೆಟ್ಟಿಲ ಕೆಳಗೆ ನಿಂತಿದ್ದಾರೆ. ಹಿನ್ನೆಲೆಯಲ್ಲಿ ಕೊಳಲು. ಎಣ್ಣೆ ಹಚ್ಚಿಕೊಳ್ಳುತ್ತಾರೆ. ಮುಂದಿನ ಶಾಟ್‌ನಲ್ಲಿ ಕೋಲಿಲ್ಲ, ಚೆಂಡೆ ಶುರುವಾಗಿದೆ, ಅಜ್ಜಿ ಮೇಲಿನ ಮೆಟ್ಟಿಲಲ್ಲಿದ್ದಾರೆ. ಎರಡು ಶಾಟ್‌ಗಳ ನಡುವೆ ಎಷ್ಟು ದಿನ ಕಳೆಯಿತು? ಯಾರೂ ಹೇಳಲಿಲ್ಲ. ನೋಡುವವರಿಗೆ ಅದು ಒಂದು ರೆಪ್ಪೆ ಬಡಿಯುವಷ್ಟು ಹೊತ್ತು.

ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಅದನ್ನು ನೋಡಿ ಎಂಟು ಬಾಟಲಿ ತರಿಸಿದರು. ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟರು. ‘ನೀನೇ ಬರೆದದ್ದಲ್ವಾ, ಸರಿಯೇ ಇರಬೇಕು’ ಅಂದರು. ಮಳೆಗಾಲ ಮುಗಿಯುವಾಗ ಅವರಿಗೆ ಅಂಗಳಕ್ಕೆ ಇಳಿಯಲಿಕ್ಕೂ ಆಗುತ್ತಿರಲಿಲ್ಲ. ‘ನೆರವಾಗುತ್ತದೆ’ ಎಂಬ ಪದ ಅವರ ಕಿವಿಗೆ ಬಿದ್ದೇ ಇರಲಿಲ್ಲ. ಅವರು ಕಂಡದ್ದು ಕೋಲು ಬಿಟ್ಟ ಅಜ್ಜಿಯನ್ನು, ಕೇಳಿದ್ದು ಚೆಂಡೆಯನ್ನು.

ಅಂದಿನಿಂದ ಪ್ರತಿ ಸ್ಕ್ರಿಪ್ಟನ್ನೂ ಎರಡು ಸಲ ಪರೀಕ್ಷಿಸುತ್ತೇನೆ. ಒಮ್ಮೆ ಕಣ್ಣು ಮುಚ್ಚಿ ಕೇಳುತ್ತೇನೆ. ಒಮ್ಮೆ ಸದ್ದು ಪೂರ್ತಿ ತೆಗೆದು ನೋಡುತ್ತೇನೆ. ಮಾತು ಹೇಳದ ಭರವಸೆಯನ್ನು ಚಿತ್ರ ಕೊಡುತ್ತಿದೆಯಾ ಅಂತ ಆಗ ಗೊತ್ತಾಗುತ್ತದೆ.

ಕ್ಯಾಮೆರಾದ ಎಲ್ಲ ಕೈಚಳಕವೂ ಮೋಸವಲ್ಲ. ಗೋಳಿಬಜೆ ಎಣ್ಣೆಗೆ ಬೀಳುವ ಚೊಂಯ್ ಸದ್ದನ್ನು ಮೈಕ್ ಹತ್ತಿರ ಹಿಡಿದು ತೆಗೆದರೆ ಚಿತ್ರ ಬರುವ ಮೊದಲೇ ಬಾಯಲ್ಲಿ ನೀರು ಬರುತ್ತದೆ. ಸದ್ದೂ ನಿಜ, ಬಜೆಯೂ ನಿಜ. ವಾಚಿನ ಜಾಹೀರಾತುಗಳಲ್ಲಿ ಮುಳ್ಳು ಸಾಮಾನ್ಯವಾಗಿ 10 ಗಂಟೆ 10 ನಿಮಿಷದ ಹತ್ತಿರ ಇರುತ್ತದೆ. ಎರಡೂ ಕಡೆ ಒಂದೇ ಹದ, ನಡುವೆ ಕಂಪನಿಯ ಹೆಸರು ಚೆನ್ನಾಗಿ ಕಾಣುತ್ತದೆ. ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ದೀಪದ ಬಿಸಿಗೆ ಕರಗಬಾರದೆಂದು ಕಿವುಚಿದ ಆಲೂಗಡ್ಡೆಯನ್ನು ಐಸ್‌ಕ್ರೀಮ್ ಅಂತ ತೋರಿಸುವ ಹಳೆಯ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಮಾರುವ ವಸ್ತುವೇ ಚಿತ್ರದಲ್ಲಿ ಇಲ್ಲವಲ್ಲ! ಬಿಜೈಯ ಫ್ಲಾಟಿನ ಸಣ್ಣ ಹಾಲ್ ಅನ್ನು ವೈಡ್ ಲೆನ್ಸ್‌ನಲ್ಲಿ ಮೈದಾನ ಮಾಡುವುದೂ ಹಾಗೆಯೇ. ಅದನ್ನು ನೋಡಿ ಒಬ್ಬರು ಜೀವಮಾನದ ಸಾಲ ಮಾಡುತ್ತಾರೆ.

ಪದಗಳಲ್ಲಿ ಮೂರರ ಮೇಲೆ ಕಣ್ಣಿಡು. ‘ಇನ್ನಷ್ಟು ಬಿಳುಪು’ ಅಂದರೆ ಯಾವುದಕ್ಕಿಂತ? ಆ ‘ಗಿಂತ’ ಬಿಟ್ಟುಹೋದರೆ ಮಾತು ಟೊಳ್ಳು. ‘50% ವರೆಗೆ’ ಎಂಬಲ್ಲಿ ಅಂಕಿ ಗೋಡೆಯಷ್ಟು, ‘ವರೆಗೆ’ ಇರುವೆಯಷ್ಟು ಇರುತ್ತದೆ. ಮೂರನೆಯದು ‘ನಮ್ಮ’. ಅದು ಬಹಳ ಬೆಚ್ಚಗಿನ ಪದ, ಮನೆಯ ಪದ. ಊರಿಗೆ ಏನೂ ಸಂಬಂಧವಿಲ್ಲದ ಸರಕಿಗೆ ಅದನ್ನು ಸುಮ್ನೆ ಖರ್ಚು ಮಾಡಬೇಡ. ಮತ್ತೆ, ಹಿಂದಿಯಿಂದ ಬಂದ ಸಾಲನ್ನು ತುಟಿಗೆ ಹೊಂದಿಸಿ ತುರುಕಲು ಹೇಳಿದರೆ ಜಗಳವಾಡು. ‘ಇದು ಕೇವಲ ಸೋಪಲ್ಲ’ ಅಂತ ರಥಬೀದಿಯ ಯಾವ ಅಂಗಡಿಯಲ್ಲಿ ಯಾರು ಮಾತಾಡುತ್ತಾರೆ?

ಕಾನೂನೂ ಈಗ ನಿನ್ನ ಜೊತೆಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ದೊಡ್ಡ ಮಾತಿಗೆ ವಿರುದ್ಧವಾದದ್ದನ್ನು ಸಣ್ಣ ಅಕ್ಷರದಲ್ಲಿ ಹೇಳುವಂತಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ತಪ್ಪು ಮಾಡಿದರೆ 50 ಲಕ್ಷದವರೆಗೆ. ಬಾಸ್ ಒತ್ತಾಯ ಮಾಡಿದರೆ ಇದನ್ನು ಮುಂದಿಡು.

ಇನ್ನು ನಿನ್ನ ಸ್ಕ್ರಿಪ್ಟ್. ‘999 ರೂಪಾಯಿಯಿಂದ’ ಅಂತ ದನಿ ಹೇಳುವಾಗ ಪರದೆಯಲ್ಲಿ ಮದುಮಗಳು ಜರಿಯ ರೇಷ್ಮೆಸೀರೆಯಲ್ಲಿ ನಿಧಾನಕ್ಕೆ ತಿರುಗುತ್ತಾಳೆ. ಸದ್ದು ತೆಗೆದು ನೋಡು. ಕಟಪಾಡಿಯಿಂದ ಬಸ್ಸು ಹತ್ತಿ ಬರುವ ತಾಯಿ ಕೈಯಲ್ಲಿ ಎಷ್ಟು ಹಣ ಹಿಡಿದುಕೊಂಡು ಬರುತ್ತಾಳೆ ಅಂತ ಯೋಚಿಸು. 999ರ ಸೀರೆಯನ್ನೇ ತೋರಿಸು. ಅದನ್ನೂ ಚಂದ ಕಾಣಿಸಬಹುದು: ಬೆಳಗಿನ ಬಿಸಿಲು, ನೆರಿಗೆ ಹಿಡಿಯುವ ಬೆರಳು, ಬಳೆಯ ಸದ್ದು. ರೇಷ್ಮೆ ಬಂದಾಗ ಅದರ ಬೆಲೆಯನ್ನೂ ಹೇಳು.

ಇಷ್ಟು ಬದಲಿಸಿ ಕಳುಹಿಸು. ಶುಕ್ರವಾರ ಮಂಗಳೂರಿಗೆ ಬರುತ್ತೇನೆ. ಹಂಪನಕಟ್ಟೆಯಲ್ಲಿ ಎಲ್ಲಾದರೂ ಚಾ ಕುಡಿಯುತ್ತ ಕೂತು, ವಾಚು ಹಿಡಿದು, ಇಬ್ಬರೂ ಗಟ್ಟಿಯಾಗಿ ಓದೋಣ.

ಪ್ರೀತಿಯಿಂದ,
ನಿನ್ನ ಅಣ್ಣ