ಹ್ಯಾಕಥಾನ್: ಪೋಸ್ಟರ್‌ಗಿಂತ ಮೊದಲು ಜಾಲತಾಣ ಬರಲಿ

ಮಾನ್ಯರೇ,

ಕಾಲೇಜುಗಳ ಹ್ಯಾಕಥಾನ್ (ತಂಡಗಳು ಸತತವಾಗಿ ಕೂತು ತಂತ್ರಾಂಶ ಕಟ್ಟುವ ಸ್ಪರ್ಧೆ) ಪ್ರಚಾರವೆಂದರೆ ಈಗಲೂ ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಂದು ಪೋಸ್ಟರ್ ಹಾಕಿ ಕೈತೊಳೆದುಕೊಳ್ಳುವುದು. ತೀರ್ಪುಗಾರರು, ಬಹುಮಾನ ಎಲ್ಲ ಗೊತ್ತಾದ ಮೇಲೆ, ಕೊನೇ ವಾರದಲ್ಲಿ ಜಾಲತಾಣ ಬರುತ್ತದೆ. ಬೀದರಿನ ತಂಡವೊಂದು ಮಂಗಳೂರಿಗೆ ಹೊರಡಬೇಕಾದರೆ ಇದು ತೀರಾ ತಡ. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಹಾಜರಾತಿ ವಿನಾಯಿತಿಗೆ ಸಹಿ ಹಾಕುವ ವಿಭಾಗದ ಮುಖ್ಯಸ್ಥರು ಪೋಸ್ಟರ್ ನಂಬುವುದಿಲ್ಲ, ಲಿಂಕ್ ಕೇಳುತ್ತಾರೆ. ಹಾಗಾಗಿ ಎರಡೂವರೆ ತಿಂಗಳು ಮೊದಲೇ ಒಂದು ಪುಟದ ತಾಣವಾದರೂ ಇರಬೇಕು.

ದಿನಾಂಕ, ಸ್ಥಳ, ತಂಡದಲ್ಲಿ ಎಷ್ಟು ಜನ, ಯಾರು ಬರಬಹುದು, ಶುಲ್ಕ, ರಾತ್ರಿ ತಂಗುವ ವ್ಯವಸ್ಥೆ, ಒಂದು ಇಮೇಲ್ ವಿಳಾಸ: ಆರಂಭಕ್ಕೆ ಇಷ್ಟು ಸಾಕು. ತೀರ್ಮಾನವಾಗದ್ದಕ್ಕೆ ‘ಇಂಥ ದಿನ ತಿಳಿಸುತ್ತೇವೆ’ ಎಂದು ಬರೆಯಿರಿ. ಪ್ರಾಯೋಜಕರ ಒಪ್ಪಿಗೆ ಲಿಖಿತವಾಗಿ ಕೈಸೇರುವ ತನಕ ಬಹುಮಾನದ ಮೊತ್ತ ಮಾತ್ರ ಹಾಕಬೇಡಿ.

ಇದಕ್ಕೆ ಹಣ ಸುರಿಯಬೇಕಿಲ್ಲ. ಕೋಡ್ ಇಡುವ ತಾಣ ಗಿಟ್‌ಹಬ್‌ನ ‘ಪೇಜಸ್’ ಸೇವೆಯಲ್ಲಿ 1 ಜಿಬಿವರೆಗಿನ ತಾಣ ಉಚಿತ. ಸರ್ವರ್‌ನಲ್ಲಿ ಓಡಬೇಕಾದ ಪಿಎಚ್‌ಪಿ ಕೋಡ್, ಡೇಟಾಬೇಸ್ ಅಲ್ಲಿ ನಡೆಯದು. ಬರೀ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಇರಲಿ. ಕಾಲೇಜಿನ ಡೊಮೇನ್‌ನಡಿ ಹೆಸರು ಬೇಕಿದ್ದರೆ ಸಿಸ್ಟಮ್ ಅಡ್ಮಿನ್ ಒಂದು ಸಿನೇಮ್ ದಾಖಲೆ (ಆ ಹೆಸರನ್ನು ಗಿಟ್‌ಹಬ್ ವಿಳಾಸಕ್ಕೆ ಜೋಡಿಸುವ ಸಾಲು) ಸೇರಿಸಿದರಾಯಿತು. ಆ ದಾಖಲೆ ಅಂತರ್ಜಾಲದಲ್ಲೆಲ್ಲ ಹರಡಿ, ಸಂಪರ್ಕ ಸುರಕ್ಷಿತವೆಂದು ಬ್ರೌಸರ್‌ಗೆ ತೋರಿಸುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಸಿಗಲು ಒಂದು ದಿನವೇ ಹಿಡಿಯಬಹುದು. ಉದ್ಘಾಟನೆಯ ಬೆಳಿಗ್ಗೆ ಈ ಕೆಲಸಕ್ಕೆ ಕೂತರೆ ಬಂದವರಿಗೆಲ್ಲ ಕಾಣುವುದು ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ.

ಕೆಡುವುದೆಲ್ಲ ಸಣ್ಣ ಜಾಗಗಳಲ್ಲಿ. ಲೋಗೊ ಕಡತದ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿದ್ದು ಕೋಡ್‌ನಲ್ಲಿ ಸಣ್ಣಕ್ಷರ ಬರೆದರೆ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಲೋಗೊ ಕಾಣುತ್ತದೆ, ಸರ್ವರ್‌ನಲ್ಲಿ ಮಾಯ. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪಿಸಿದ ಕನ್ನಡ ವೆಬ್‌ಗೆ ಬಂದರೆ ಕಲಸುಮೇಲೋಗರ. ಎಲ್ಲ ಸಾಧನಗಳೂ ಓದುವ ಯುನಿಕೋಡ್‌ಗೆ ಪರಿವರ್ತಿಸಿಯೇ ಅಂಟಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಜತೆ ಚಿತ್ರ ಬರಬೇಕೆಂದರೆ 1200×630 ಪಿಕ್ಸೆಲ್‌ನ ಹಗುರವಾದ ಚಿತ್ರವನ್ನು ಓಪನ್ ಗ್ರಾಫ್ ಟ್ಯಾಗ್‌ನಲ್ಲಿ (ಲಿಂಕ್ ಹಂಚಿದಾಗ ಏನು ಕಾಣಬೇಕೆಂದು ಪುಟದ ಕೋಡ್‌ನಲ್ಲಿ ಹೇಳುವ ಸಾಲು) ಪೂರ್ಣ ವಿಳಾಸದೊಂದಿಗೆ ಕೊಡಿ. ಇದನ್ನು ಲಿಂಕ್ ಹಂಚುವ ಮುನ್ನವೇ ಮಾಡಬೇಕು. ಆಗಲೇ ಹೋದ ಸಂದೇಶಕ್ಕೆ ಆಮೇಲೆ ಚಿತ್ರ ಬಂದು ಕೂರುವುದಿಲ್ಲ. ಪೋಸ್ಟರ್‌ನ ಕ್ಯೂಆರ್ ಕೋಡ್ ನೇರ ಫಾರ್ಮ್‌ಗಲ್ಲ, ಜಾಲತಾಣಕ್ಕೇ ಹೋಗಲಿ. ಫಾರ್ಮ್ ಬದಲಾದರೂ ಅಚ್ಚಾದ ಪೋಸ್ಟರ್ ಕೆಲಸಕ್ಕೆ ಬರುತ್ತದೆ.

ಹೆಚ್ಚು ಎಡವುವುದು ನೋಂದಣಿಯಲ್ಲೇ. ಕಾಲೇಜಿನ ಗೂಗಲ್ ಖಾತೆಯಲ್ಲಿ ಮಾಡಿದ ಫಾರ್ಮ್ ಎಷ್ಟೋ ಸಲ ಆ ಸಂಸ್ಥೆಯವರಿಗೆ ಮಾತ್ರ ತೆರೆಯುವಂತಿರುತ್ತದೆ. ಸಂಘಟಕರ ಫೋನಿನಲ್ಲಿ ಸರಿಯಾಗಿಯೇ ಕಾಣುತ್ತದೆ, ಹೊರಗಿನವರಿಗೆ ಅನುಮತಿ ಇಲ್ಲ! ಬ್ರೌಸರ್‌ನ ಇನ್‌ಕಾಗ್ನಿಟೊ (ಲಾಗಿನ್ ಆಗಿರದ ಖಾಸಗಿ) ಕಿಟಕಿಯಲ್ಲಿ ಒಮ್ಮೆ ತೆರೆದು ನೋಡಿದರೆ ಗೊತ್ತಾಗುತ್ತದೆ. ಐಡಿ ಕಾರ್ಡ್ ಅಪ್‌ಲೋಡ್ ಕೇಳಿದರಂತೂ ಗೂಗಲ್ ಲಾಗಿನ್ ಕಡ್ಡಾಯವಾಗುತ್ತದೆ. ಕಾರ್ಡನ್ನು ಬಂದ ದಿನ ಬಾಗಿಲಲ್ಲೇ ನೋಡಬಹುದಲ್ಲ?

ಇನ್ನು, ನೋಂದಾಯಿಸಿದವರ ಪಟ್ಟಿಯನ್ನು ತಾಣದ ಕೋಡ್ ಇರುವ ಸಾರ್ವಜನಿಕ ರೆಪೊಸಿಟರಿಗೆ (ಗಿಟ್‌ಹಬ್‌ನ ಕಡತಕೋಶ) ಹಾಕಲೇಬಾರದು. ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ (ಪ್ರತಿ ಬದಲಾವಣೆಯ ದಾಖಲೆ) ಫೋನ್ ನಂಬರುಗಳು ಉಳಿದೇ ಇರುತ್ತವೆ. ಡಿಪ್ಲೊಮಾ, ಪಿಯು ವಿದ್ಯಾರ್ಥಿಗಳಲ್ಲಿ ಹಲವರಿಗೆ 18 ತುಂಬಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಅದಕ್ಕೊಂದು ಒಪ್ಪಿಗೆ ಪತ್ರ ಮೊದಲ ದಿನದಿಂದಲೇ ತಾಣದಲ್ಲಿರಲಿ.

– ಹ್ಯಾಕಥಾನ್ ಸ್ವಯಂಸೇವಕರು, ಹುಬ್ಬಳ್ಳಿ