ಐದು ವರ್ಷ ಆಯ್ತು, ಭಾವ

ಮೊನ್ನೆ ಬುಧವಾರ ಹುಬ್ಬಳ್ಳಿಗೆ ಹೋಗಿದ್ದೆ. ಡಾಕ್ಟರು ಬಾಯಿಗೆ ಟಾರ್ಚ್ ಬಿಟ್ಟು ನೋಡಿದರು, ಕೆನ್ನೆಯ ಒಳಗೆ ಬೆರಳು ಹಾಕಿ ಒತ್ತಿದರು, ಕುತ್ತಿಗೆಯ ಎರಡೂ ಕಡೆ ತಡಕಿದರು. ಆಮೇಲೆ ಫೈಲು ಮುಚ್ಚಿ, "ಇನ್ಮ್ಯಾಲೆ ವರ್ಷಕ್ಕೊಂದು ಸಲ ಬಂದ್ರ ಸಾಕ್ರಿ" ಅಂದರು. ಅಷ್ಟೇ. ಐದು ವರ್ಷ ಕಾದಿದ್ದ ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದು, ಖಾರ ಕಡಿಮೆ ಹಾಕಿಸಿಕೊಂಡು ಒಂದು ಪ್ಲೇಟ್ ಗಿರ್ಮಿಟ್ ತಿಂದೆ. ಶಿರಸಿ ಬಸ್ಸು ಹತ್ತಿದ ಮೇಲೆ ಕೈ ನಡುಗಲಿಕ್ಕೆ ಶುರುವಾಯಿತು.

ಕಾಯಿಲೆ ಬಾಯಿ ಕ್ಯಾನ್ಸರ್. ಎಲ್ಲಿ ಎಷ್ಟು ಕತ್ತರಿಸಿದರು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ನನ್ನ ಎಡಗೆನ್ನೆ ನೋಡಿದರೆ ಗೊತ್ತಾಗುತ್ತದೆ. ಅದನ್ನು ಮತ್ತೆ ಹೇಳಲ್ಲ. ಆ ಚಳಿಗಾಲದಲ್ಲಿ ನಮ್ಮ ತೋಟದ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಮುಗಿಸಿಕೊಟ್ಟ ಕೊನೆಗೌಡರಿಗೆ, ರಾತ್ರಿ ಕೂತು ಅಡಿಕೆ ಸುಲಿದುಕೊಟ್ಟ ಕೇರಿಯವರಿಗೆ, ಮಕ್ಕಳನ್ನು ತಿಂಗಳುಗಟ್ಟಲೆ ಇಟ್ಟುಕೊಂಡ ತಮ್ಮ ಮತ್ತು ಅವನ ಹೆಂಡತಿಗೆ, ಕೇಳದೇ ದುಡ್ಡು ಹಾಕಿದ ಕಾಲೇಜಿನ ಗೆಳೆಯರಿಗೆ, ದಿನಾ ಅನ್ನದ ಗಂಜಿ ಸೋಸಿ ಕೊಟ್ಟ ಹೆಂಡತಿಗೆ, ಎಲ್ಲರಿಗೂ ಒಂದೇ ಉಸಿರಿನಲ್ಲಿ ನಮಸ್ಕಾರ. ಹೆಂಡತಿಗೆ ಇಷ್ಟೇನಾ ಅಂತ ಕೇಳಬೇಡಿ. ಅವಳಿಗೆ ಹೇಳೋದನ್ನು ಮನೆಯಲ್ಲೇ ಹೇಳಿದ್ದೇನೆ.

ಹಲ್ಲಿನ ಡಾಕ್ಟರಮ್ಮನಿಗೆ ಮಾತ್ರ ಸ್ವಲ್ಪ ಜಾಸ್ತಿ ಜಾಗ ಕೊಡಬೇಕು. ನಾನು ಹೋಗಿದ್ದು ದವಡೆ ಹಲ್ಲು ಕೀಳಿಸಲಿಕ್ಕೆ. ಅವರು ಹಲ್ಲು ಮುಟ್ಟಲೇ ಇಲ್ಲ. ಕೆನ್ನೆ ಎಳೆದು ಹಿಡಿದು, ನನ್ನ ಕೈಗೊಂದು ಕನ್ನಡಿ ಕೊಟ್ಟು, "ಇದನ್ನ ಯಾವತ್ತಾದ್ರೂ ನೋಡಿದ್ದೀರಾ?" ಅಂದರು. ಹಾಲಿನ ಕೆನೆ ಅಂಟಿದ ಹಾಗೆ ಒಂದು ಬಿಳಿ ಪಟ್ಟಿ, ಅದರ ನಡುವೆ ಕೆಂಪು. ಹತ್ತಿಯಲ್ಲಿ ಒರೆಸಿದರೂ ಹೋಗಲಿಲ್ಲ. ಇಪ್ಪತ್ತೆರಡು ವರ್ಷ ಕವಳ, ಅಂದರೆ ತಂಬಾಕು ಸೇರಿಸಿದ ಎಲೆ ಅಡಿಕೆ, ಒತ್ತಿಟ್ಟುಕೊಂಡಿದ್ದ ಜಾಗ ಅದೇ. "ಸುಣ್ಣ ಜಾಸ್ತಿ ಆಗಿರ್ಬೇಕು" ಅಂದೆ. ನೋವಿಲ್ಲವಲ್ಲ ಅಂತಲೂ ಅಂದೆ. "ನೋವಿಲ್ಲ ಅಂತಾನೇ ಎಲ್ಲರೂ ತಡವಾಗಿ ಬರ್ತಾರೆ" ಅಂದರು.

ನಿಜ ಹೇಳಬೇಕೆಂದರೆ ಸೂಚನೆ ಮೊದಲೇ ಇತ್ತು. ಅದಕ್ಕೂ ಹಿಂದಿನ ಬೇಸಿಗೆಯಿಂದಲೇ ಅಪ್ಪೆಹುಳಿ ಕುಡಿದರೆ ಕೆನ್ನೆ ಉರಿಯುತ್ತಿತ್ತು. ಮಿಡಿ ಉಪ್ಪಿನಕಾಯಿ ಬಿಟ್ಟಿದ್ದೆ. ಬಾಯಿ ಪೂರ್ತಿ ತೆರೆಯಲಿಕ್ಕೆ ಆಗುತ್ತಿರಲಿಲ್ಲ. ಉದ್ದಕ್ಕೆ ಜೋಡಿಸಿದ ಮೂರು ಬೆರಳು ಒಳಗೆ ಹೋಗಬೇಕಂತೆ, ನನ್ನದು ಎರಡಕ್ಕೇ ನಿಲ್ಲುತ್ತಿತ್ತು. ಖಾರ ಕಡಿಮೆ ಹಾಕು ಅಂತ ಹೆಂಡತಿಗೆ ಹೇಳಿದೆನೇ ಹೊರತು, ಕನ್ನಡಿ ಮುಂದೆ ನಿಂತು ಬಾಯಿ ತೆರೆದು ನೋಡಲಿಲ್ಲ. ಮುಖ ಕ್ಷೌರಕ್ಕೆ ದಿನಾ ಅದೇ ಕನ್ನಡಿ ಮುಂದೆ ನಿಲ್ಲುತ್ತಿದ್ದೆ! ತುಂಡು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದಾಗ ಸಿಟ್ಟು ಬಂದು, ಹತ್ತು ದಿನ ಆ ಕಡೆ ತಲೆ ಹಾಕಲಿಲ್ಲ. ಎರಡು ಸಲ ಫೋನ್ ಮಾಡಿ ಕರೆದರು ಆ ಪುಣ್ಯಾತ್ಗಿತ್ತಿ. ಹಲ್ಲು ಕೀಳಿಸಿಕೊಳ್ಳದೇ ಹೋದವನಿಗೆ ಯಾರು ಫೋನ್ ಮಾಡ್ತಾರೆ ಹೇಳಿ.

ಇನ್ನು ಭಾವ.

ನನ್ನ ಅಕ್ಕನ ಗಂಡ. ನನಗಿಂತ ಎಂಟು ವರ್ಷ ದೊಡ್ಡವರು. ನನಗೆ ಮೊದಲ ಕವಳ ಕಟ್ಟಿಕೊಟ್ಟವರೂ ಅವರೇ. ಅಕ್ಕನ ಮದುವೆಯ ಮರುದಿನ, ಹರಿವಾಣ ಮುಂದಿಟ್ಟುಕೊಂಡು, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ತಂಬಾಕಿನ ಎಸಳು ಇಟ್ಟು ಕೊಟ್ಟರು. ತಲೆ ತಿರುಗಿ ಜಗಲಿಯ ಮೇಲೆ ಬಿದ್ದುಕೊಂಡಿದ್ದೆ. ಎಲ್ಲರೂ ನಕ್ಕಿದ್ದರು. ಇದನ್ನು ದೂರಾಗಿ ಬರೆಯುತ್ತಿಲ್ಲ. ಅವರು ಕೊಡದಿದ್ದರೆ ಇನ್ಯಾರೋ ಕೊಡುತ್ತಿದ್ದರು. ನಮ್ಮ ಕಡೆ ಬಂದವರಿಗೆ ಕುಡಿಯಲಿಕ್ಕೆ ಆಸರಿಗೆ ಕೇಳಿದ ಮೇಲೆ ಮುಂದೆ ಬರೋದೇ ಕವಳದ ಹರಿವಾಣ.

ಗಂಡಸರ ವಾರ್ಡಿನಲ್ಲಿ ರಾತ್ರಿ ಹೆಂಗಸರನ್ನು ಬಿಡುತ್ತಿರಲಿಲ್ಲ. ಹಾಗಾಗಿ ಭಾವ ಬಂದರು. ಆಪರೇಷನ್ ಆದ ಎರಡನೇ ರಾತ್ರಿ. ಮೂಗಿನಲ್ಲಿ ನಳಿಗೆ, ಕುತ್ತಿಗೆಗೆ ಪಟ್ಟಿ, ಬಾಯಿ ತುಂಬ ಹೊಲಿಗೆ. ಉಗುಳು ನುಂಗಲಿಕ್ಕೂ ಆಗುತ್ತಿರಲಿಲ್ಲ, ಸುಮ್ನೆ ಸುರಿಯುತ್ತಿತ್ತು. ಅಕ್ಕ ಹಳೇ ಪಂಚೆ ಹರಿದು ತುಂಡು ಮಾಡಿ ಕಳಿಸಿದ್ದಳು. ಭಾವ ಒಂದೊಂದೇ ತುಂಡಿನಲ್ಲಿ ಒರೆಸಿ, ಕೆಳಗಿನ ಬಕೆಟ್ಟಿಗೆ ಹಾಕುತ್ತಿದ್ದರು. ಒಮ್ಮೆಯೂ ಮುಖ ಸಿಂಡರಿಸಲಿಲ್ಲ.

ನನಗೆ ಮಾತು ಬರುತ್ತಿರಲಿಲ್ಲವಲ್ಲ, ಅವರ ಜೇಬಿನಲ್ಲಿದ್ದ ಕೊನೆಕೊಯ್ಲಿನ ಲೆಕ್ಕದ ಪುಸ್ತಕ ಇಸಿದುಕೊಂಡು ಬರೆದೆ. ಅದಕ್ಕೆ ಭಾವ ಬಾಯಲ್ಲಿ ಉತ್ತರ ಕೊಡಲಿಲ್ಲ. ಪೆನ್ನು ತಗೊಂಡು ಅವರೂ ಬರೆದರು. ಮಾತು ಬರುವ ಮನುಷ್ಯ, ನನಗೆ ಬರಲ್ಲ ಅಂತ ತಾನೂ ಬರೆದ. ರಾತ್ರಿಯಿಡೀ ಹಾಗೇ ನಡೆಯಿತು. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಎಡಗಡೆ ಆಳುಗಳ ಲೆಕ್ಕ, ಬಲಗಡೆ ನಾವಿಬ್ಬರು.

"ಕೊನೆ ಎಷ್ಟು ಇಳೀತು?"

"ಮೇಲಿನ ತೋಟ ಮುಗೀತು. ಮಂಗ ಬಂದಿತ್ತು. ನಿನ್ನ ತಮ್ಮ ಓಡಿಸಿದ."

"ಮನೆಗೆ ಹೋಪನ."

"ನಾಡಿದ್ದು ಕೇಳ್ತೆ."

ಅದರ ಕೆಳಗೆ ನನ್ನ ಅಕ್ಷರ ಸೊಟ್ಟ ಆಗಿದೆ. "ಸಾಯ್ತೀನಾ?"

ಭಾವ ತುಂಬಾ ಹೊತ್ತು ಪೆನ್ನು ಹಿಡಿದುಕೊಂಡು ಕೂತಿದ್ದರು. ಪೆನ್ನಿನ ತುದಿ ಒತ್ತಿ ಕಾಗದದ ಮೇಲೆ ಒಂದು ನೀಲಿ ಚುಕ್ಕಿ ಬಿದ್ದಿದೆ. ಆಮೇಲೆ ಬರೆದಿದ್ದಾರೆ: "ಗೊತ್ತಿಲ್ಲೆ. ಇವತ್ತಂತೂ ಅಲ್ಲ. ಹೆದ್ರಡ ಮಾರಾಯ."

ಏನೂ ಆಗಲ್ಲ ಅಂತ ನನಗೆ ಆ ವಾರ ಹದಿನೈದು ಜನ ಹೇಳಿದ್ದರು. ಒಬ್ಬರನ್ನೂ ನಂಬಿರಲಿಲ್ಲ. ಭಾವನನ್ನು ನಂಬಿದೆ.

ಮೂರು ಗಂಟೆ ಹೊತ್ತಿಗೆ ಅವರು ಹೊರಗೆ ಹೋಗಿ ಬಂದರು. ಹತ್ತಿರ ಕೂತಾಗ ವಾಸನೆ ಬಂತು. ತಂಬಾಕು, ಎಲೆ, ಸುಣ್ಣ. ನನಗೆ ಸಿಟ್ಟು ಬರಬೇಕಿತ್ತು, ಅಲ್ವಾ? ಬರಲಿಲ್ಲ. ಆಸೆ ಆಯಿತು. ಕೆನ್ನೆ ಕತ್ತರಿಸಿ ಎರಡು ದಿನ ಆಗಿಲ್ಲ, ಅದೇ ಬೇಕು ಅನ್ನಿಸಿತು. ನನ್ನ ಮೇಲೆ ನನಗೇ ಅಸಹ್ಯವಾಗಿ ಗೋಡೆ ಕಡೆ ತಿರುಗಿ ಅತ್ತೆ. ಭಾವನಿಗೆ ಅರ್ಥವಾಯಿತೋ ಏನೋ, ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದರು. ಬೆಳಗಿನವರೆಗೆ ಮತ್ತೆ ಹೊರಗೆ ಹೋಗಲಿಲ್ಲ. ಗಂಟೆಗೊಂದು ಕವಳ ಬೇಕಾಗಿದ್ದ ಮನುಷ್ಯ, ತನ್ನ ಮೊಣಕಾಲು ತಾನೇ ತಿಕ್ಕಿಕೊಳ್ಳುತ್ತ ಕೂತಿದ್ದರು.

ಸರಿ, ಮುಂದೆ ಹೇಳ್ತೀನಿ.

ಊರಿನವರಿಗೆ ಬೇಜಾರಾಗುವ ಒಂದು ಮಾತಿದೆ. ತಂಬಾಕಿನದ್ದೇ ತಪ್ಪು, ಅಡಿಕೆ ಪಾಪದ್ದು ಅಂತ ನಾನೂ ವಾದ ಮಾಡಿದವನೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ನನ್ನ ಬಾಯಿ ಗಟ್ಟಿಯಾಗಿ ಎರಡು ಬೆರಳಿಗೆ ನಿಂತಿದ್ದು ಅಡಿಕೆಯಿಂದಲೇ ಅಂತ ಡಾಕ್ಟರು ಹೇಳಿದರು. ತಂಬಾಕು ಸೇರಿದರೆ ಅಪಾಯ ಇನ್ನೂ ಜಾಸ್ತಿ, ಮೇಲಿಂದ ಕುಡಿತವೂ ಇದ್ದರೆ ಕೇಳೋದೇ ಬೇಡ. ಹಾಗಂತ ತೋಟ ಕಡಿದಿಲ್ಲ. ದರ ಬರಲಿ ಅಂತ ಮಾರದೇ ಇಟ್ಟಿದ್ದ ಚಾಲಿ ಅಡಿಕೆ ಮಾರಿಯೇ ಆಸ್ಪತ್ರೆಯ ಬಿಲ್ಲು ಕಟ್ಟಿದ್ದು. ಮಕ್ಕಳ ಫೀಸೂ ಅದರಿಂದಲೇ. ಈ ಗಂಟು ಬಿಡಿಸಲಿಕ್ಕೆ ನನಗೆ ಬಂದಿಲ್ಲ.

ಬಿಡೋದು ಸುಲಭ ಇರಲಿಲ್ಲ. ಊಟ ಮುಗಿದ ತಕ್ಷಣ ಕೈ ತಾನಾಗಿ ಸಂಚಿ ಹುಡುಕುತ್ತಿತ್ತು. ಹೊಲಿಗೆ ಬಿಚ್ಚಿದ ಮೇಲೂ ಆರು ತಿಂಗಳು ಹಾಗೇ. ತಂಬಾಕಿನ ಪೊಟ್ಟಣದ ಮೇಲೆ ಅಚ್ಚಾಗಿರುವ 1800-11-2356ಕ್ಕೆ ಫೋನ್ ಮಾಡಿದ್ದೆ. ಫೋನಿಗೆ ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಿದರು. ಆಸೆ ಬಂದಾಗ ಐದು ನಿಮಿಷ ತಳ್ಳಿ, ನೀರು ಕುಡಿಯಿರಿ, ಎದ್ದು ಓಡಾಡಿ ಅಂತ ಹೇಳಿಕೊಟ್ಟ ಆ ಹೆಣ್ಣುಮಗಳ ಹೆಸರೂ ಗೊತ್ತಿಲ್ಲ. ಅವರಿಗೊಂದು ನಮಸ್ಕಾರ. ಅಪ್ಪನ ಅಡಕತ್ತರಿ ಅಟ್ಟ ಸೇರಿದೆ. ಸಮಾರಂಭಗಳಲ್ಲಿ ಒಂದೇ ಒಂದು ಹಾಕು ಅಂತ ಒತ್ತಾಯ ಮಾಡೋದನ್ನು ನಿಲ್ಲಿಸಿದ ನೆಂಟರಿಗೂ ಥ್ಯಾಂಕ್ಸ್. ಒಬ್ಬಿಬ್ಬರು ಇನ್ನೂ ನಿಲ್ಲಿಸಿಲ್ಲ. ಅವರಿಗೆ ಇಲ್ಲ.

ಪ್ರತಿ ತಿಂಗಳ ಒಂದನೇ ತಾರೀಕು ಮೊಬೈಲ್ ಟಾರ್ಚ್ ಹಚ್ಚಿ ಕನ್ನಡಿ ಮುಂದೆ ನಿಲ್ಲುತ್ತೇನೆ. ತುಟಿಯ ಒಳಗೆ, ಎರಡೂ ಕೆನ್ನೆ, ನಾಲಿಗೆಯ ಬದಿ, ನಾಲಿಗೆಯ ಕೆಳಗೆ, ಮೇಲಿನ ಅಂಗುಳ. ಎರಡು ನಿಮಿಷದ ಕೆಲಸ. ಎರಡು ವಾರಕ್ಕೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಕಂಡರೆ ತೋರಿಸಲೇಬೇಕು. ಮನೆಯಲ್ಲೂ ಶುರುವಾಗಿದೆ. ಆಶಾ ಕಾರ್ಯಕರ್ತೆ ಬೆನ್ನು ಹತ್ತಿ ನನ್ನ ಹೆಂಡತಿಯನ್ನೂ ಅಕ್ಕನನ್ನೂ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು ಮೂರನ್ನೂ ಅಲ್ಲಿ ಪುಕ್ಕಟೆ ನೋಡುತ್ತಾರೆ. ಗರ್ಭಕೊರಳಿಗೆ ವಿನೆಗರ್‌ನಂಥ ನೀರು ಹಚ್ಚಿ ಒಂದು ನಿಮಿಷ ಕಾದರು, ಅಷ್ಟೇ, ಇಷ್ಟಕ್ಕೆ ಇಷ್ಟು ವರ್ಷ ನಾಚಿಕೆ ಪಟ್ಟೆನಾ ಅಂದಳು ಅಕ್ಕ. ಹದಿಮೂರರ ಮಗಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಎರಡೂ ಡೋಸು ಆಗಿದೆ.

ಭಾವ ಪೂರ್ತಿ ಬಿಟ್ಟಿಲ್ಲ. ಸುಳ್ಳು ಬರೆಯಲ್ಲ. ದಿನಕ್ಕೆ ಹದಿನೈದು ಇದ್ದದ್ದು ಮೂರಕ್ಕೆ ಬಂದಿದೆ. ಆದರೆ ಕಳೆದ ತಿಂಗಳು, ಐದು ವರ್ಷ ನಾನು ಗೋಗರೆದ ಮೇಲೆ, ಅದೇ ಡಾಕ್ಟರಮ್ಮನ ಕುರ್ಚಿಯಲ್ಲಿ ಕೂತು ಬಾಯಿ ತೆರೆದರು. ಬಲಗೆನ್ನೆಯಲ್ಲಿ ಒಂದು ಪಟ್ಟಿ ಇದೆ. ಬರೀ ಬಿಳಿ, ಸಣ್ಣದು. ಆದರೂ ತುಂಡು ತೆಗೆದು ನೋಡೋಣ ಅಂದಿದ್ದಾರೆ. ಇದನ್ನು ಬರೆಯಲಿಕ್ಕೆ ಅವರೇ ಒಪ್ಪಿಗೆ ಕೊಟ್ಟರು. "ಬರಿ, ನಾಕು ಜನ ಬಾಯಿ ತೆರೀಲಿ" ಅಂದರು.

ಭಾವ, ಬರುವ ಮಂಗಳವಾರ ಎಂಟು ಗಂಟೆ ಬಸ್ಸು. ಹಿಂದಿನ ಸಲದ ಹಾಗೆ ಗದ್ದೆ ಕೆಲಸ ಇದೆ ಅನ್ನಬೇಡಿ, ಅಕ್ಕನ ಹತ್ತಿರ ವಿಚಾರಿಸಿದ್ದೇನೆ, ಇಲ್ಲ. ನಾನು ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ. ತುಂಡು ತೆಗೆದ ಮೇಲೆ ಸ್ವಲ್ಪ ಹೊತ್ತು ಬಾಯಲ್ಲಿ ಹತ್ತಿ ಇಡುತ್ತಾರೆ, ಮಾತಾಡಲಿಕ್ಕೆ ಆಗಲ್ಲ. ಲೆಕ್ಕದ ಪುಸ್ತಕದಲ್ಲಿ ಇನ್ನೂ ಹಾಳೆ ಉಳಿದಿದೆ, ತರ್ತೀನಿ.