ಒಂದೇ ಕ್ಷಿಪಣಿ, ಎರಡು ಬೆಲೆ

ತಮ್ಮಾ,

ಕಲಬುರಗಿಯಿಂದ ಬೀದರ್‌ಗೆ ಬರುವಾಗ ರೈಲಿನಲ್ಲೇ ನಿನ್ನ ಲೇಖನ ಓದಿ ಮುಗಿಸಿದೆ. ಒಳ್ಳೆಯ ವಿಷಯ ಹಿಡಿದಿದ್ದೀಯ. ಆದರೆ 'ವ್ಯೂಹಾತ್ಮಕ ಸ್ವಾಯತ್ತತೆ', ಅಂದರೆ ಯಾವ ದೊಡ್ಡ ದೇಶದ ಹಿಂದೂ ಹೋಗದೆ ತನ್ನ ತೀರ್ಮಾನ ತಾನೇ ಮಾಡೋದು, ಅನ್ನೋ ಮಾತು ಪುಟಕ್ಕೆ ನಾಲ್ಕು ಸಲ ಬರುತ್ತೆ, ಅದಕ್ಕಾಗಿ ಯಾವ ದೇಶ ಏನು ಕಳಕೊಂಡಿತು ಅನ್ನೋದು ಎಲ್ಲೂ ಇಲ್ಲ. ನಾನು ಮೊದಲು ಹುಡುಕೋದೇ ಅದನ್ನ.

ಟರ್ಕಿಯನ್ನೇ ತಗೋ. 1952ರಿಂದ ಅಮೆರಿಕ ಮುಂದಾಳಾಗಿರುವ ನೇಟೋ ಸೇನಾ ಕೂಟದ ಸದಸ್ಯ. ಹಾಗಿದ್ದೂ ರಷ್ಯಾದಿಂದ ಎಸ್-400 ಅನ್ನೋ ವಾಯುರಕ್ಷಣಾ ಕ್ಷಿಪಣಿ ವ್ಯವಸ್ಥೆ ಕೊಂಡಿತು. 2019ರ ಜುಲೈನಲ್ಲಿ ಅದು ಬಂದಿಳಿಯಿತು, ಅದೇ ತಿಂಗಳು ಅಮೆರಿಕ ಟರ್ಕಿಯನ್ನು ಎಫ್-35 ಯುದ್ಧವಿಮಾನದ ಯೋಜನೆಯಿಂದ ಹೊರಗಿಟ್ಟಿತು, ಆ ವಿಮಾನದ ಎಷ್ಟೋ ಬಿಡಿಭಾಗ ಟರ್ಕಿಯ ಕಾರ್ಖಾನೆಗಳಲ್ಲೇ ತಯಾರಾಗುತ್ತಿದ್ದರೂ. ರಷ್ಯಾದಿಂದ ದೊಡ್ಡ ಶಸ್ತ್ರ ಕೊಂಡವರನ್ನು ಶಿಕ್ಷಿಸುವ ಅಮೆರಿಕದ ಕಾನೂನಿನಡಿ 2020ರ ಡಿಸೆಂಬರ್‌ನಲ್ಲಿ ನಿರ್ಬಂಧವೂ ಬಿತ್ತು. ಭಾರತ 2018ರಲ್ಲಿ ಅದೇ ಎಸ್-400ಕ್ಕೆ ಒಪ್ಪಂದ ಮಾಡಿಕೊಂಡಿತು. ಅದೇ ಅಮೆರಿಕದ ಕಾನೂನು ನಮ್ಮ ಮೇಲೂ ಬೀಳಬಹುದಿತ್ತು, ಬೀಳಲಿಲ್ಲ. ಯಾಕೆ? ನಿನ್ನ ಲೇಖನ ಇಲ್ಲಿಂದ ಶುರುವಾಗಬೇಕಿತ್ತು. ಚೀನಾದ ಎದುರು ಅಮೆರಿಕಕ್ಕೆ ನಾವು ಬೇಕು. ನಾವು ನೇಟೋದಂಥ ಕೂಟಕ್ಕೆ ಸೇರಿದವರಲ್ಲ, ಹಾಗಾಗಿ ಮಾತು ಮುರಿದರು ಅನ್ನೋ ಸಿಟ್ಟೂ ನಮ್ಮ ಮೇಲೆ ಅಷ್ಟಿಲ್ಲ. ಆದರೆ ನಾಳೆ ಯುದ್ಧವಾದರೆ ನಮ್ಮ ನೆರವಿಗೆ ಬರಲೇಬೇಕು ಅಂತ ಕಟ್ಟುಬಿದ್ದ ದೇಶವೂ ಇಲ್ಲ. ನಾವು ತೆರುವ ಬೆಲೆ ಅದು, ಸದ್ಯಕ್ಕೆ ಕಣ್ಣಿಗೆ ಕಾಣಲ್ಲ ಅಷ್ಟೇ.

ಟರ್ಕಿಯ ಹಠ ಹಳೆಯದು. ಪಕ್ಕದ ದ್ವೀಪ ಸೈಪ್ರಸ್‌ನ ಜಗಳದಲ್ಲಿ ಟರ್ಕಿ ಕೈಹಾಕಿ, ಅದರಿಂದ ಸೋವಿಯತ್ ಒಕ್ಕೂಟ ಟರ್ಕಿಯ ಮೇಲೆ ನುಗ್ಗಿದರೆ ನೇಟೋ ಕಾಯದೇ ಇರಬಹುದು ಅಂತ 1964ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಟರ್ಕಿಗೆ ಪತ್ರ ಬರೆದರು. 1974ರಲ್ಲಿ ಟರ್ಕಿ ಸೈಪ್ರಸ್‌ಗೆ ಸೇನೆ ಇಳಿಸಿತು, ಮರುವರ್ಷ ಅಮೆರಿಕ ಅದಕ್ಕೆ ಶಸ್ತ್ರ ಮಾರೋದನ್ನೇ ನಿಲ್ಲಿಸಿತು. ಅಸೆಲ್ಸಾನ್ ಅನ್ನೋ ಟರ್ಕಿಯ ರಕ್ಷಣಾ ಕಂಪನಿ ಹುಟ್ಟಿದ್ದು ಅದೇ 1975ರಲ್ಲಿ. ಅವಮಾನ ಕಾರ್ಖಾನೆಯಾಯಿತು ಅಲ್ವಾ? ಇಂಥದ್ದನ್ನ ಬರಿ, ಓದುಗ ಬಿಡದೆ ಓದುತ್ತಾನೆ.

ಇನ್ನೊಂದು ಮಾತು, ಇದು ನನಗೆ ನಿಜಕ್ಕೂ ಬೇಜಾರು ತಂದಿದ್ದು. ನೀನು ಬೆಳೆದದ್ದು ಬೀದರ್ ಕೋಟೆಯ ಪಕ್ಕ. ಬಿಜಾಪುರ, ಅಹಮದನಗರ, ಗೋಲ್ಕೊಂಡಗಳ ನಡುವೆ ಬೀದರ್ ಆಳಿದ ಬರೀದ್ ಶಾಹಿ ಸುಲ್ತಾನರು ಅಷ್ಟು ಸಣ್ಣ ರಾಜ್ಯ ಇಟ್ಟುಕೊಂಡು ಇವತ್ತು ಇವರ ಕಡೆ, ನಾಳೆ ಅವರ ಕಡೆ ಅಂತ ನೂರು ವರ್ಷಕ್ಕೂ ಜಾಸ್ತಿ ಉಳಿದರು. ಅವರಲ್ಲೊಬ್ಬನಾದ ಅಮೀರ್ ಬರೀದನನ್ನು ದಖ್ಖನ್ನಿನ ನರಿ ಅಂತ ಕರೆದದ್ದು ಸುಮ್ನೆ ಅಲ್ಲ. ಕೊನೆಗೆ 1619ರಲ್ಲಿ ಬಿಜಾಪುರ ನುಂಗಿತು. ಅವರ ಬಗ್ಗೆ ನಿನ್ನ ಲೇಖನದಲ್ಲಿ ಒಂದು ಸಾಲೂ ಇಲ್ಲ!

ಎರಡನೇ ಪುಟ ಪೂರ್ತಿ ತೆಗೆದು ಹೊಸದಾಗಿ ಬರಿ. ಭಾನುವಾರದವರೆಗೂ ಬೀದರ್‌ನಲ್ಲೇ ಇರ್ತೀನಿ, ಮನೆಗೆ ಬಾ, ಒಟ್ಟಿಗೆ ಕೂತು ನೋಡೋಣ.